ಮೊದಲು ಮೇಲಿನದು

ಕೆಳಗಿನ ಪ್ಲಗ್ಗಿಗೇ ಕೈ ಹಾಕಿದ್ದ ಹುಡುಗ.
ಏಯ್ ತಬ್ರೇಜ್, ನಿಲ್ಲು.
ಮೊದಲು ಮೇಲಿನದು,
ಹೊಸ ಎಣ್ಣೆ ಹೊಯ್ಯುವ ತೂತು.
ಅದು ಬಿಚ್ಚದೆ ಹಳೆಯದನ್ನೆಲ್ಲ ಸುರಿಸಿಬಿಟ್ಟೆಯೋ,
ಗಾಡಿ ಇಲ್ಲೇ, ಈ ಆಟೋ ಕಾಂಪ್ಲೆಕ್ಸಿನಲ್ಲೇ,
ಕೋಳಿ ಮೊಟ್ಟೆ ಇಡುವ ಗೂಡಾಗುತ್ತೆ.

ಹೊಸನಗರದ ಕಡೆಯ ಅಂಬಾಸಿಡರ್.
ಕಾಂಪೌಂಡರ್ ಒಬ್ಬರದಂತೆ, ಈಗ ಅಳಿಯನದು.
ಆರು ವರ್ಷ ನಿಂತಲ್ಲೇ ನಿಂತಿತ್ತಂತೆ
ಹಿಂದಿನ ಸೀಟಿನಲ್ಲಿ ಭತ್ತದ ಚೀಲ ಹೊತ್ತು.
ಡಿಫರೆನ್ಷಿಯಲ್ಲಿನ ಗುಂಡು ಹೊಟ್ಟೆಗೆ
ಬೆರಳು ದಪ್ಪ ಮಣ್ಣು, ಗ್ರೀಸು,
ಅದರಲ್ಲಿ ಹುಟ್ಟಿ ಅಲ್ಲೇ ಒಣಗಿದ ಒಂದು ಹುಲ್ಲು.

ಸ್ಪ್ಯಾನರ್ ಹಾಕಿದೆ. ಜಾರಿತು.
ಪೈಪ್ ರೆಂಚು ಕಚ್ಚಿಸಿದೆ. ತಲೆಯ ಮೂಲೆ ಸವೆಯಿತು, ಅಷ್ಟೆ.
ಸೀಮೆಎಣ್ಣೆ ಸುತ್ತ ಬಿಟ್ಟು
ಚಾ ಕುಡಿದು ಬಂದೆ.
ಸುತ್ತಿಗೆಯಲ್ಲಿ ತಟ್ಟಿದೆ, ಮೊದಲು ನೆಂಟರು ಬಾಗಿಲು ತಟ್ಟಿದ ಹಾಗೆ,
ಆಮೇಲೆ ಸಾಲ ಕೊಟ್ಟವರು ತಟ್ಟಿದ ಹಾಗೆ.
ಬಿಚ್ಚುವ ಮುನ್ನ ತುಸು ಬಿಗಿ ಮಾಡಿಯೂ ನೋಡಿದೆ,
ಕೆಲವು ಹಾಗೆ ಮೋಸ ಹೋಗಿ ಅಲುಗುತ್ತವೆ.

ಇದು ಹೋಗಲಿಲ್ಲ.

ಬಿಗಿದವನನ್ನು ಬೈದೆ.
ಅವನ ಕೈ ಸೇದಿಹೋಗ,
ಅನ್ನ ತಿಂದಿದ್ದನೋ ಕಬ್ಬಿಣ ತಿಂದಿದ್ದನೋ,
ಅವರಪ್ಪನ ಗಂಟು ಒಳಗಿಟ್ಟು ಮುಚ್ಚಿದ್ದನೋ.
ತಬ್ರೇಜ್ ನಕ್ಕ. ಅವನಿಗಾಗಿ ಇನ್ನೆರಡು ಬೈದೆ.
ಬೆನ್ನ ಕೆಳಗೆ ರಟ್ಟು, ಕಣ್ಣಲ್ಲಿ ತುಕ್ಕಿನ ಪುಡಿ,
ಪಕ್ಕದ ಬಾಡಿ ಶಾಪಿನವರು ಬಡಿಯುವುದು ನಿಲ್ಲಿಸಿ
ಬುತ್ತಿ ಬಿಚ್ಚಿದ್ದು ವಾಸನೆಯಲ್ಲೇ ಗೊತ್ತಾಯಿತು.

ಗ್ಯಾಸ್ ತರಿಸಿದೆ.
ಬೆಂಕಿ ಪ್ಲಗ್ಗಿಗಲ್ಲ, ಸುತ್ತಲಿನ ಬೀಡಿಗೆ:
ಅದು ಹಿಗ್ಗಬೇಕು, ಇದು ಸಡಿಲಬೇಕು.
ಅದಕ್ಕೂ ಮೊದಲು ಕೊಳೆ ತೆಗೆಯಬೇಕು, ಗ್ರೀಸು ಹೊತ್ತಿಕೊಳ್ಳುತ್ತೆ.
ತಂತಿ ಬ್ರಶ್ಶಿನಲ್ಲಿ ಉಜ್ಜಿದೆ.

ಪ್ಲಗ್ಗಿನ ಪಕ್ಕ ಮೂರು ಚುಕ್ಕಿ.
ಸೆಂಟರ್ ಪಂಚಿನವು.
ಮೂರನೆಯದು ಸ್ವಲ್ಪ ಓರೆ.

ಪ್ಯಾರು ಸಾಬರ ಗ್ಯಾರೇಜಿನಲ್ಲಿ
ಯಾರ ಕೆಲಸಕ್ಕೆ ಅವರವರ ಗುರುತು.
ಬಾಷಾನದು ಒಂದು ಗೀಟು,
ಪೆರುಮಾಳ, ಅಂದರೆ ನಾನು, ಮೂರು ಚುಕ್ಕಿ.
ಸೋರಿದರೆ ಯಾರ ಕೆನ್ನೆ ಎಂದು
ಹುಡುಕುವ ತೊಂದರೆ ಇರುವುದಿಲ್ಲ.

ಹಿಂದಿನ ವಾರ ಜೀಪೊಂದು ಸೋರಿತ್ತು.
ಗಿರಾಕಿಯ ಎದುರಿಗೇ ಬಿತ್ತು,
ಎರಡು ದಿನ ಕಿವಿಯೊಳಗೆ ಸೀಟಿ.
ನನಗೆ ಹದಿನಾಲ್ಕು.
ಆಮೇಲೆ ಬಂದ ಬಿಳಿ ಅಂಬಾಸಿಡರಿಗೆ
ಸ್ಪ್ಯಾನರಿನ ಹಿಡಿಗೆ ನಲ್ಲಿ ಪೈಪು ತೊಡಿಸಿ
ಎರಡೂ ಕಾಲು ಆಕ್ಸಲ್ಲಿಗೆ ಕೊಟ್ಟು
ಎಳೆದಿದ್ದೆ, ಎಳೆದಿದ್ದೆ,
ಸಾಬರು ನಮಾಜಿಗೆ ಹೋದಾಗ ಇನ್ನೊಮ್ಮೆ ಎಳೆದಿದ್ದೆ.

ಶಕ್ತಿಯಲ್ಲ ಅದು.
ಆ ತೋಳು ನೀವು ನೋಡಬೇಕಿತ್ತು,
ಬೆಂಡೆಕಾಯಿ.

ಇಪ್ಪತ್ತೇಳು ವರ್ಷ ಯಾರೂ ಬಿಚ್ಚಿಲ್ಲ.
ಬಂದವರು ಒಂದು ಕೈ ನೋಡಿ
ಎಣ್ಣೆ ಹಾಕಿದ್ದೇವೆ ಎಂದು ಸುಳ್ಳು ಹೇಳಿರಬೇಕು.

ಬೆಂಕಿ ತೋರಿಸಿದೆ.
ಬೀಡಿನ ಬಣ್ಣ ಬದಲಾಗುವ ಮುಂಚೆ ತೆಗೆದೆ.
ಪೈಪು ತೊಡಿಸಿದೆ, ಅಂದಿನ ಹಾಗೇ,
ಆದರೆ ಈ ಸಲ ಇನ್ನೊಂದು ದಿಕ್ಕಿಗೆ.
ಕಿರ್ರ್ ಎಂದಿತು.
ಕಾಲು ಸುತ್ತು. ಆಮೇಲೆ ಅರ್ಧ.
ಆಮೇಲೆ ಬೆರಳಲ್ಲೇ ತಿರುಗಿತು, ಏನೂ ಆಗದವರ ಹಾಗೆ.

ಅಳಿಯ ಬಂದ. ಕೆಳಗಿನಿಂದ ಚಪ್ಪಲಿ ಅಷ್ಟೇ ಕಾಣುತ್ತಿತ್ತು.
"ಇಷ್ಟೊತ್ತು ಬೇಕಾಯ್ತಾ? ಯಾವ ಕತ್ತೆ ಬಿಗಿದಿದ್ನಂತೆ?"
"ಯಾವನೋ ಹುಡುಗ," ಅಂದೆ.
"ಸಣ್ಣವನು."

ಕೆಳಗಿನದರ ಪಕ್ಕ ಬಾಷಾನ ಗೀಟು.
ತಬ್ರೇಜಿನ ಒಂದೇ ಎಳೆತಕ್ಕೆ ಬಂತು.
ಬಾಷಾ ಸಾಬರ ತಂಗಿ ಮಗ,
ಅವನ ಕೆನ್ನೆಗೆ ಯಾರೂ ಕೈ ಎತ್ತಿದ್ದಿಲ್ಲ.

ಕಪ್ಪು ಎಣ್ಣೆ ಬಾಂಡ್ಲಿಗೆ ದಾರ ಕಟ್ಟಿ ಇಳಿಯಿತು,
ಕೊಳೆತ ಬೆಳ್ಳುಳ್ಳಿಯ ನಾತ,
ಕೊನೆಗೆ ಬೆಳ್ಳಿಯಂಥ ಹಲ್ಲಿನ ಪುಡಿ.
ಹೊಸ ವಾಷರು, ತೊಂಬತ್ತರ ಎಣ್ಣೆ,
ಮೇಲಿನ ತೂತಿನಿಂದ ತುಳುಕುವ ತನಕ.

"ಎಷ್ಟು ಬಿಗೀಲಿ ಅಣ್ಣಾ?"
ಹುಡುಗನ ಕಣ್ಣು ನೀರಿನ ಪೈಪಿನ ಮೇಲಿತ್ತು.
ಅದನ್ನು ತೆಗೆದು ಆಚೆಗಿಟ್ಟೆ.
"ಕೈಗೆ ಸಾಕು ಅನ್ನಿಸೋವಷ್ಟು.
ಸೋರಿದ್ರೆ ನೋಡೋಣ."